ಕಣ್ಣಿನ ಹೊಸ ರಕ್ತನಾಳ, ಘಟ್ಟದ ದಾರಿ, ತಪ್ಪಿಹೋಗುವ ತಾರೀಖು

ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್. ಕಾರವಾರದಿಂದ ಅದಕ್ಕಿಂತ ಎಷ್ಟೋ ಜಾಸ್ತಿ. ಭಟ್ಕಳದವರು ಮಣಿಪಾಲದ ಕಡೆ ಹೋಗುತ್ತಾರೆ, ಸದಾಶಿವಗಡದವರು ಗೋವಾ ಕಡೆ. ಪೊರೆ ತೆಗೆಸಲು ಒಂದು ಸಲ ಇಷ್ಟು ದೂರ ಹೋಗಿ ಬರುವುದು ಕಷ್ಟವಾದರೂ ಆಗುವ ಕೆಲಸ. ಆದರೆ ತಿಂಗಳಿಗೊಮ್ಮೆ, ಹೇಳಿದ ತಾರೀಖಿಗೇ, ಮಳೆಗಾಲ ಬೇಸಿಗೆ ಎನ್ನದೆ ವರ್ಷಗಟ್ಟಲೆ ಹೋಗಬೇಕು ಅಂದರೆ? ಸಕ್ಕರೆ ಕಾಯಿಲೆಯಿಂದ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂಬದಿಯ ಪದರದಲ್ಲಿ, ಅಸಹಜ ರಕ್ತನಾಳ ಬೆಳೆಯುವ ಕಾಯಿಲೆಗೆ ಇವತ್ತು ಹೆಚ್ಚಾಗಿ ಕೊಡುವ ಇಂಜೆಕ್ಷನ್ ಚಿಕಿತ್ಸೆ ನಿಂತಿರುವುದೇ ಹೀಗೆ ಮತ್ತೆ ಮತ್ತೆ ಬರುವುದರ ಮೇಲೆ. ಹಾಗಾಗಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಪ್ರಶ್ನೆಗಳು ಎರಡು. ಯಾವ ಔಷಧ ಒಳ್ಳೆಯದು ಎನ್ನುವುದು ಒಂದು. ಈ ಮನುಷ್ಯನಿಗೆ ಮುಂದಿನ ಸಲ ಬರಲು ಆಗುತ್ತದಾ ಎನ್ನುವುದು ಇನ್ನೊಂದು. ಎರಡನೆಯದನ್ನು ಯಾರೂ ಕೇಳದೇ ಇರುವುದರಿಂದ ಎಷ್ಟೋ ಕಣ್ಣುಗಳು ಹೋಗುತ್ತಿವೆ ಎಂಬುದು ನನ್ನ ಕಳವಳ.

ಮೊದಲು ಕಣ್ಣಿನೊಳಗೆ ಏನಾಗುತ್ತದೆ ನೋಡೋಣ. ರೆಟಿನಾ ಎನ್ನುವುದು ಕಣ್ಣಿನ ಹಿಂಬದಿಯ ಒಳಗೋಡೆಗೆ ಅಂಟಿಕೊಂಡ ತೆಳು ಪದರ. ಬೆಳಕನ್ನು ಹಿಡಿದು ಮಿದುಳಿಗೆ ಕಳಿಸುವುದು ಇದೇ. ತೂಕಕ್ಕೆ ಹೋಲಿಸಿದರೆ ನಮ್ಮ ದೇಹದಲ್ಲಿ ಅತಿ ಹೆಚ್ಚು ಆಮ್ಲಜನಕ ಬೇಡುವ ಭಾಗಗಳಲ್ಲಿ ಇದೂ ಒಂದು. ಕತ್ತಲಲ್ಲಿ ಅದರ ಬೇಡಿಕೆ ಇನ್ನೂ ಏರುತ್ತದೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಇಲ್ಲಿನ ಕೂದಲೆಳೆಯಂಥ ರಕ್ತನಾಳಗಳ ಗೋಡೆ ಹಾಳಾಗುತ್ತದೆ. ಕೆಲವು ಉಬ್ಬುತ್ತವೆ, ಕೆಲವು ಸೋರುತ್ತವೆ, ಕೆಲವು ಮುಚ್ಚಿಯೇ ಹೋಗುತ್ತವೆ. ಮುಚ್ಚಿಹೋದ ಕಡೆ ರೆಟಿನಾಕ್ಕೆ ಉಸಿರು ಕಟ್ಟುತ್ತದೆ. ಆಗ ಅದು ಒಂದು ರಾಸಾಯನಿಕ ಸಂದೇಶ ಕಳಿಸುತ್ತದೆ: ಇಲ್ಲಿಗೆ ರಕ್ತ ಬೇಕು, ಹೊಸ ನಾಳ ಬೆಳೆಸಿ ಎಂದು. ಆ ಸಂದೇಶ ಹೊತ್ತೊಯ್ಯುವ ಪ್ರೋಟೀನಿಗೆ ವಿಇಜಿಎಫ್ ಎಂದು ಹೆಸರು.

ಬೇರೆ ಕಡೆ ಗಾಯವಾದಾಗ ಇದೇ ಪ್ರೋಟೀನ್ ಒಳ್ಳೆಯ ಕೆಲಸ ಮಾಡುತ್ತದೆ. ಕಣ್ಣಿನಲ್ಲಿ ಮಾತ್ರ ಎಡವಟ್ಟಾಗುತ್ತದೆ. ತೋಟ ಒಣಗುತ್ತಿದೆ ಎಂದು ಗಡಿಬಿಡಿಯಲ್ಲಿ ತೋಡಿದ, ದಂಡೆ ಗಟ್ಟಿಯಿಲ್ಲದ ಕಾಲುವೆಯ ಹಾಗೆ ಈ ಹೊಸ ನಾಳಗಳು. ನೀರು ಬೇಕಾದಲ್ಲಿಗೆ ಮುಟ್ಟುವುದಿಲ್ಲ, ಬೇಡವಾದ ಕಡೆಯೆಲ್ಲ ಒಡೆದು ಹರಿಯುತ್ತದೆ. ನಾಳಗಳು ರೆಟಿನಾದ ಮೇಲ್ಮೈಗೆ ಬಂದು, ಕಣ್ಣು ತುಂಬಿರುವ ಲೋಳೆಯ ಮೇಲೆ ಹಬ್ಬುತ್ತವೆ. ಒಂದು ದಿನ ಒಡೆದು ರಕ್ತ ತುಂಬಿದರೆ ಕಣ್ಣೆದುರು ಕಪ್ಪು ಎಳೆಗಳು, ಮಸಿ ಚೆಲ್ಲಿದಂಥ ಕಲೆ. ಇದು ಒಂದು ಅಪಾಯ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ನಾಳಗಳ ಜೊತೆ ಬೆಳೆಯುವ ನಾರಿನಂಥ ಅಂಗಾಂಶ ಬರಬರುತ್ತಾ ಕುಗ್ಗುತ್ತದೆ, ಕುಗ್ಗುವಾಗ ರೆಟಿನಾವನ್ನೇ ಎಳೆದು ಗೋಡೆಯಿಂದ ಕೀಳುತ್ತದೆ. ಕೆಲವರಲ್ಲಿ ನಾಳಗಳು ಕಣ್ಣಿನ ಮುಂಭಾಗಕ್ಕೂ ಬಂದು, ಒಳಗಿನ ದ್ರವ ಹರಿದುಹೋಗುವ ದಾರಿಯನ್ನು ಮುಚ್ಚುತ್ತವೆ. ಒತ್ತಡ ಏರುತ್ತದೆ, ವಿಪರೀತ ನೋವು ಬರುತ್ತದೆ, ದೃಷ್ಟಿ ಹೋಗುತ್ತದೆ.

ರೆಟಿನಾ ಇಂಥದ್ದೊಂದು ಸಂದೇಶ ಕಳಿಸುತ್ತಿರಬೇಕು ಎಂದು ಐಸಾಕ್ ಮೈಕೆಲ್ಸನ್ ಎಂಬ ಕಣ್ಣಿನ ವೈದ್ಯರು 1948ರಲ್ಲೇ ಊಹಿಸಿದ್ದರು. ಆ ವಸ್ತು ಯಾವುದು ಎಂದು ತಿಳಿಯಲು ನಾಲ್ಕು ದಶಕ ಬೇಕಾಯಿತು. 1989ರಲ್ಲಿ ವಿಜ್ಞಾನಿ ನೆಪೋಲಿಯೋನ್ ಫೆರಾರಾ ಮತ್ತು ಸಂಗಡಿಗರು ವಿಇಜಿಎಫ್ ಅನ್ನು ಬೇರ್ಪಡಿಸಿದರು. 1994ರಲ್ಲಿ ಸಕ್ಕರೆ ಕಾಯಿಲೆಯವರ ಕಣ್ಣಿನ ದ್ರವವನ್ನು ಪರೀಕ್ಷಿಸಿದಾಗ, ಹೊಸ ನಾಳ ಬೆಳೆಯುತ್ತಿರುವ ಕಣ್ಣುಗಳಲ್ಲಿ ಅದು ಜಾಸ್ತಿ ಇರುವುದು ಖಚಿತವಾಯಿತು. ಇವತ್ತಿನ ಇಂಜೆಕ್ಷನ್‌ಗಳೆಲ್ಲ ಹುಟ್ಟಿದ್ದು ಆ ತಿಳಿವಳಿಕೆಯಿಂದ.

ನಾಳಗಳು ಬೆಳೆಯುತ್ತಿರುವಾಗ ಮೊದಮೊದಲು ಕಣ್ಣು ನೋಯುವುದಿಲ್ಲ. ಎಷ್ಟೋ ಜನರಿಗೆ ಮಂಜೂ ಆಗುವುದಿಲ್ಲ. ದೃಷ್ಟಿಯ ನಡುಭಾಗ ಚೆನ್ನಾಗಿರುವಾಗಲೇ ಸುತ್ತ ನಾಳ ಬೆಳೆಯುತ್ತಿರಬಹುದು. ಬೋರ್ಡಿನ ಕೊನೇ ಸಾಲಿನ ಅಕ್ಷರವನ್ನೂ ಓದುವವರ ಕಣ್ಣಿನಲ್ಲಿ, ಇನ್ನೇನು ಒಡೆಯುವ ನಾಳ ಇರಬಹುದು. "ನಂಗೆ ಚೆನ್ನಾಗೇ ಕಾಣ್ತದೆ, ಸುಮ್ನೆ ಯಾಕೆ ತೋರಿಸೋದು?" ಎಂಬ ಮಾತು ನಮ್ಮ ಕಡೆ ಎಷ್ಟು ಸಲ ಕೇಳಿಬರುತ್ತದೆ, ಅಲ್ವಾ? ಈ ಕಾಯಿಲೆಯ ಮಟ್ಟಿಗೆ ಅದಕ್ಕಿಂತ ಅಪಾಯದ ಮಾತಿಲ್ಲ. ಊರಿನ ಕಣ್ಣಿನ ಶಿಬಿರದಲ್ಲಿ ಪೊರೆ ಇದೆಯಾ, ಕನ್ನಡಕ ಬೇಕಾ ಎಂದು ನೋಡುತ್ತಾರೆ. ಅದು ಒಳ್ಳೆಯ ಕೆಲಸವೇ. ಆದರೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ಹಿಂಬದಿ ನೋಡದಿದ್ದರೆ, ಅಥವಾ ರೆಟಿನಾದ ಫೋಟೋ ತೆಗೆಯದಿದ್ದರೆ, ಈ ನಾಳಗಳು ಕಣ್ಣಿಗೆ ಬೀಳುವುದಿಲ್ಲ. ಶಿಬಿರದಲ್ಲಿ ತೋರಿಸಿದ್ದೇನೆ ಎಂದು ಸಕ್ಕರೆ ಕಾಯಿಲೆಯವರು ನಿಶ್ಚಿಂತೆಯಿಂದ ಇರುವ ಹಾಗಿಲ್ಲ.

ಇದು ಬೆಂಗಳೂರಿನವರ ಕಾಯಿಲೆ ಎಂದುಕೊಳ್ಳುವ ಹಾಗೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಬೆಂಬಲದ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಲ್ಲಿ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ರಾಜ್ಯಗಳ ಪೈಕಿ ಅತಿ ಹೆಚ್ಚು ಕಂಡದ್ದು ಗೋವಾದಲ್ಲಿ, ಶೇಕಡಾ 26.4. ಕಾಳಿ ನದಿ ದಾಟಿ ಸ್ವಲ್ಪ ಮುಂದೆ ಹೋದರೆ ಸಿಗುವ ರಾಜ್ಯ ಅದು. ಆ ಅಂಕಿಯನ್ನು ಹಾಗೇ ತಂದು ಕಾರವಾರಕ್ಕೆ ಹಚ್ಚಲು ಬರುವುದಿಲ್ಲ, ನಿಜ. ಆದರೆ ಊಟ, ಉದ್ಯೋಗ, ನೆಂಟಸ್ತಿಕೆ ಎಲ್ಲವೂ ಬೆರೆತಿರುವಾಗ ನಾವು ಬೇರೆ ಎಂದು ಹೇಳಲು ನನಗೆ ಧೈರ್ಯ ಸಾಲದು. 2022ರಲ್ಲಿ ಪ್ರಕಟವಾದ ಇನ್ನೊಂದು ಭಾರತೀಯ ಅಧ್ಯಯನ ನಲವತ್ತು ದಾಟಿದ ಸಕ್ಕರೆ ಕಾಯಿಲೆಯವರ ರೆಟಿನಾ ಪರೀಕ್ಷಿಸಿತು. ಶೇಕಡಾ 12.5 ಮಂದಿಗೆ ರೆಟಿನಾ ತೊಂದರೆ ಇತ್ತು. ಶೇಕಡಾ 4 ಮಂದಿಗೆ ದೃಷ್ಟಿಗೇ ಕುತ್ತು ತರುವ ಹಂತ. ಅಂದರೆ ಇಪ್ಪತ್ತೈದು ಮಂದಿಯಲ್ಲಿ ಒಬ್ಬರು.

ಇನ್ನು ಇಂಜೆಕ್ಷನ್ ವಿಷಯ. ಬೆವಾಸಿಝುಮ್ಯಾಬ್ ಎಂಬ ಔಷಧ, ಅವಾಸ್ಟಿನ್ ಎಂಬ ಹೆಸರಲ್ಲಿ, 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು ದೊಡ್ಡ ಕರುಳಿನ ಕ್ಯಾನ್ಸರಿಗೆ. ಗಡ್ಡೆಗೆ ರಕ್ತ ಒದಗಿಸುವ ಹೊಸ ನಾಳಗಳನ್ನು ತಡೆಯುವುದು ಅದರ ಕೆಲಸ. ಅದೇ ಔಷಧವನ್ನು ತೀರಾ ಸಣ್ಣ ಪ್ರಮಾಣದಲ್ಲಿ ಕಣ್ಣಿಗೆ ಕೊಡಬಹುದು ಎಂದು 2005ರಲ್ಲಿ ಮಯಾಮಿಯ ಕಣ್ಣಿನ ವೈದ್ಯ ಫಿಲಿಪ್ ರೋಸೆನ್‌ಫೆಲ್ಡ್ ತೋರಿಸಿದರು. 2006ರಲ್ಲಿ ಕಣ್ಣಿಗೆಂದೇ ತಯಾರಾದ ರಾನಿಬಿಝುಮ್ಯಾಬ್ ಬಂತು, 2011ರಲ್ಲಿ ಅಫ್ಲಿಬರ್ಸೆಪ್ಟ್, 2022ರಲ್ಲಿ ಫಾರಿಸಿಮ್ಯಾಬ್. ಕಣ್ಣಿಗೆ ಸೂಜಿ ಎಂದರೆ ಯಾರಿಗಾದರೂ ಎದೆ ಝಲ್ ಎನ್ನುತ್ತದೆ. ನಿಜದಲ್ಲಿ ಅದು ಕೆಲವೇ ಸೆಕೆಂಡಿನ ಕೆಲಸ. ಮರಗಟ್ಟುವ ಡ್ರಾಪ್ಸ್ ಹಾಕಿ, ಅಯೋಡಿನ್ ದ್ರಾವಣದಿಂದ ಚೊಕ್ಕ ಮಾಡಿ, ಬಿಳಿಗುಡ್ಡೆಯ ಜಾಗದಲ್ಲಿ ತೀರಾ ಸಣ್ಣ ಸೂಜಿ ಚುಚ್ಚುತ್ತಾರೆ. ಹೆಚ್ಚಿನವರಿಗೆ ಒತ್ತಿದ ಹಾಗೆ ಅನ್ನಿಸುತ್ತದೆ, ಅಷ್ಟೇ.

ಪರಿಣಾಮ ಮಾತ್ರ ದೊಡ್ಡದು. ಕೆಲವೇ ದಿನಗಳಲ್ಲಿ ಹೊಸ ನಾಳಗಳು ಮುದುಡುತ್ತವೆ. ನಡುಭಾಗದ ಊತ ಇಳಿದರೆ ಮಂಜಾದ ಅಕ್ಷರ ಮತ್ತೆ ಕಾಣಬಹುದು. ಆದರೆ ಔಷಧ ಕಣ್ಣಿನಿಂದ ಕೆಲವು ವಾರಗಳಲ್ಲಿ ಹೊರಟುಹೋಗುತ್ತದೆ. ಉಸಿರು ಕಟ್ಟಿದ ರೆಟಿನಾ ಹಾಗೇ ಇರುತ್ತದೆ. ಅದು ಮತ್ತೆ ಸಂದೇಶ ಕಳಿಸಲು ಶುರು ಮಾಡುತ್ತದೆ, ನಾಳ ಮತ್ತೆ ಚಿಗುರುತ್ತದೆ. ಅದಕ್ಕೇ ಮೊದಮೊದಲು ತಿಂಗಳಿಗೊಂದು, ಆಮೇಲೆ ಕಣ್ಣು ಹೇಳಿದಂತೆ ಅಂತರ ಹೆಚ್ಚಿಸುತ್ತಾ ಇಂಜೆಕ್ಷನ್. ಒಂದೆರಡು ಸಲಕ್ಕೇ ಕಣ್ಣು ಚೆನ್ನಾಗಿ ಕಂಡಿತು ಎಂದು ನಿಲ್ಲಿಸಿದವರೇ ಹೆಚ್ಚು ತೊಂದರೆಗೆ ಬೀಳುವುದು.

ಈಗ ನಮ್ಮ ದಾರಿಯ ಮಾತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಆಗಸ್ಟ್ 7ರಂದು ಕಾರವಾರ–ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ನದಿಗೆ ಬಿತ್ತು. ಅವು ದೊಡ್ಡ ಸುದ್ದಿಯಾದವು. ಸುದ್ದಿಯಾಗದ ಅಡ್ಡಿಗಳು ಪ್ರತಿ ವರ್ಷದವು. ದೇವಿಮನೆ ಘಟ್ಟದಲ್ಲೋ ಅರಬೈಲಿನಲ್ಲೋ ಮಣ್ಣು ಜರಿದರೆ ಬಸ್ಸಿಲ್ಲ. ಜೋಯಿಡಾದ ಒಳಗಿನ ಹಳ್ಳಿಗಳಲ್ಲಿ ಮಳೆ ಜೋರಾದರೆ ಹೊಳೆ ದಾಟುವುದೇ ಪ್ರಶ್ನೆ. ಆಗಸ್ಟ್ ಒಂದಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಯಾಂತ್ರಿಕ ಬೋಟುಗಳು ಕಡಲಿಗಿಳಿದರೆ ಮನೆಯ ಗಂಡಸರು ಊರಲ್ಲಿರುವುದಿಲ್ಲ. ಘಟ್ಟದ ಮೇಲೆ ಅಡಿಕೆ ಗೊನೆ ಕೊಯ್ಲು ಶುರುವಾದರೆ ಬೇಯಿಸಿ ಒಣಗಿಸುವ ತನಕ ಮನೆ ಬಿಡಲಾಗುವುದಿಲ್ಲ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ದಿನ ಬೈಕ್ ಓಡಿಸಲು ಬರುವುದಿಲ್ಲ, ಜೊತೆಗೆ ಒಬ್ಬರು ಬೇಕು. ಅವರ ಕೂಲಿಯೂ ಹೋಯಿತು. ಒಂದು ಇಂಜೆಕ್ಷನ್ನಿಗೆ ಇಬ್ಬರ ಇಡೀ ದಿನ, ಕೆಲವೊಮ್ಮೆ ರಾತ್ರಿಯೂ. ಇದನ್ನೆಲ್ಲ ಮಾಡಿಯೂ ತಾರೀಖು ತಪ್ಪಿಸದವರು ಇದ್ದಾರೆ. ತಪ್ಪಿಸಿದವರನ್ನು ಅಸಡ್ಡೆಯವರು ಎಂದು ಬೈಯುವುದು ಅನ್ಯಾಯ.

ಇಲ್ಲಿ ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 2015ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳ ಒಂದು ದೊಡ್ಡ ಪ್ರಯೋಗ, ಸಕ್ಕರೆ ಕಾಯಿಲೆಯಿಂದ ಹೊಸ ನಾಳ ಬೆಳೆದ ಕಣ್ಣುಗಳಿಗೆ ರಾನಿಬಿಝುಮ್ಯಾಬ್ ಇಂಜೆಕ್ಷನ್, ಮೊದಲಿನಿಂದ ಮಾಡುತ್ತಿದ್ದ ಲೇಸರ್ ಚಿಕಿತ್ಸೆಗಿಂತ ಕಡಿಮೆಯೇನಲ್ಲ ಎಂದು ತೋರಿಸಿತು. ಪಕ್ಕದ ದೃಷ್ಟಿ ಉಳಿಯುವುದರಲ್ಲಿ ಇಂಜೆಕ್ಷನ್ನೇ ಮೇಲು. ಅಂದಿನಿಂದ ಲೇಸರ್ ಹಳೇ ಕಾಲದ್ದು ಎಂಬ ಭಾವನೆ ಹಬ್ಬಿತು. ಆದರೆ ಅದು ಬಿಡದೆ ಕರೆದು ಪರೀಕ್ಷಿಸುವ ಪ್ರಯೋಗ. 2019ರಲ್ಲಿ ಬಂದ ಇನ್ನೊಂದು ವರದಿ, ಚಿಕಿತ್ಸೆಯ ನಂತರ ಆರು ತಿಂಗಳಿಗಿಂತ ಹೆಚ್ಚು ಕಾಲ ಕಾಣದೇ ಹೋಗಿ ಮತ್ತೆ ಬಂದವರ ಕಣ್ಣು ನೋಡಿತು. ಬರೀ ಇಂಜೆಕ್ಷನ್ ತೆಗೆದುಕೊಂಡವರ ಸ್ಥಿತಿ ಲೇಸರ್ ಮಾಡಿಸಿಕೊಂಡವರಿಗಿಂತ ಕೆಟ್ಟಿತ್ತು. ರೆಟಿನಾ ಎಳೆದು ಕಿತ್ತುಬಂದದ್ದು ಇಂಜೆಕ್ಷನ್ ಗುಂಪಿನಲ್ಲೇ ಜಾಸ್ತಿ. ನನ್ನ ಪ್ರಕಾರ ಉತ್ತರ ಕನ್ನಡಕ್ಕೆ ಮೊದಲನೆಯದಕ್ಕಿಂತ ಈ ಎರಡನೆಯ ವರದಿಯೇ ಹೆಚ್ಚು ಹತ್ತಿರದ್ದು.

ಲೇಸರ್ ಮಾಡುವುದಾದರೂ ಏನು? ರೆಟಿನಾದ ಅಂಚಿನ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ಸಣ್ಣ ಸಣ್ಣ ಚುಕ್ಕೆಗಳಾಗಿ ಸುಡುತ್ತದೆ. ಸಾಮಾನ್ಯವಾಗಿ ಎರಡು ಮೂರು ಸಲದಲ್ಲಿ ಮುಗಿಸುತ್ತಾರೆ. ಆ ಭಾಗದ ಆಮ್ಲಜನಕದ ಬೇಡಿಕೆ ಇಳಿಯುತ್ತದೆ, ವಿಇಜಿಎಫ್ ಇಳಿಯುತ್ತದೆ, ನಾಳಗಳು ಬಾಡುತ್ತವೆ. ನಡುಭಾಗವನ್ನು ಉಳಿಸಲು ಅಂಚನ್ನು ಕೊಡುವ ಲೆಕ್ಕ. 1976ರಲ್ಲೇ ಅಮೆರಿಕದ ದೊಡ್ಡ ಅಧ್ಯಯನವೊಂದು, ಲೇಸರಿನಿಂದ ತೀವ್ರ ದೃಷ್ಟಿನಾಶ ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂದು ಸಾಬೀತು ಮಾಡಿತ್ತು. ಮಾಡಿದ ಲೇಸರ್ ಕಣ್ಣಿನಲ್ಲಿ ಉಳಿಯುತ್ತದೆ. ಘಟ್ಟ ಕುಸಿದರೂ, ಬಸ್ಸು ತಪ್ಪಿದರೂ ಅದರ ಕೆಲಸ ನಡೆಯುತ್ತಿರುತ್ತದೆ. ಹಾಗೆಂದು ತಪಾಸಣೆ ಬಿಡುವ ಹಾಗಿಲ್ಲ, ತಡವಾದರೆ ಆಗುವ ಅನಾಹುತ ಕಡಿಮೆ, ಅಷ್ಟೇ.

ಲೇಸರಿಗೆ ಬೆಲೆಯೂ ಇದೆ, ಅದನ್ನು ಮುಚ್ಚಿಡಬಾರದು. ಪಕ್ಕದ ನೋಟ ಸ್ವಲ್ಪ ಕುಗ್ಗಬಹುದು, ಕತ್ತಲಲ್ಲಿ ಕಾಣುವುದು ಕಷ್ಟವಾಗಬಹುದು. ರಾತ್ರಿ ಬೋಟಿನಲ್ಲಿ ಬಲೆ ಬಿಡುವವರಿಗೆ, ಅಡಿಕೆ ಮರದಿಂದ ಮರಕ್ಕೆ ದಾಟುವ ಕೊನೆಗೌಡರಿಗೆ ಇದು ಸಣ್ಣ ಮಾತಲ್ಲ. ನೀವು ಏನು ಕೆಲಸ ಮಾಡುತ್ತೀರಿ ಎಂದು ವೈದ್ಯರು ಕೇಳದಿದ್ದರೆ ನೀವೇ ಹೇಳಬೇಕು. ಇನ್ನೊಂದು ವಿಷಯ: ಲೇಸರ್ ಮಾಡಿಸಿದರೆ ದೃಷ್ಟಿ ಹೆಚ್ಚುವುದಿಲ್ಲ. ಇರುವುದನ್ನು ಉಳಿಸಲು ಅದನ್ನು ಮಾಡುವುದು. ಇದನ್ನು ಮೊದಲೇ ಬಿಡಿಸಿ ಹೇಳದ ಕಾರಣಕ್ಕೆ "ಲೇಸರ್ ಮಾಡಿಸಿ ದುಡ್ಡು ಹಾಳಾಯ್ತು" ಎಂಬ ಮಾತು ಊರಲ್ಲಿ ಹಬ್ಬುತ್ತದೆ, ಪಕ್ಕದ ಮನೆಯವರು ಹೆದರಿ ಹಿಂದೆ ಸರಿಯುತ್ತಾರೆ.

ಹಾಗಾದರೆ ಯಾವುದು? ತೀರ್ಮಾನ ಕಣ್ಣು ನೋಡಿದ ವೈದ್ಯರದ್ದು. ನಡುಭಾಗ ಊದಿದ್ದರೆ ಇಂಜೆಕ್ಷನ್ ಬೇಕೇ ಬೇಕಾಗಬಹುದು. ಎಷ್ಟೋ ಕಡೆ ಎರಡನ್ನೂ ಸೇರಿಸಿ ಮಾಡುತ್ತಾರೆ, ದೂರದವರಿಗೆ ಅದೇ ಹೆಚ್ಚು ಭದ್ರ ಎಂದು ನನಗೆ ಅನ್ನಿಸುತ್ತದೆ. ಆದರೆ ವೈದ್ಯರು ಸರಿಯಾಗಿ ತೀರ್ಮಾನಿಸಬೇಕಾದರೆ ಅವರಿಗೆ ನಿಜ ಗೊತ್ತಿರಬೇಕು. "ಮುಂದಿನ ತಿಂಗಳು ಬನ್ನಿ" ಎಂದಾಗ ಸುಮ್ನೆ ತಲೆ ಆಡಿಸಿ ಎದ್ದು ಬರಬೇಡಿ. ಜುಲೈಯಲ್ಲಿ ನಮ್ಮೂರಿಂದ ಬರಲಾಗುವುದಿಲ್ಲ, ಕೊಯ್ಲಿನ ಎರಡು ತಿಂಗಳು ಕಷ್ಟ, ಜೊತೆಗೆ ಬರಲು ಯಾರೂ ಇಲ್ಲ ಎಂದು ಬಾಯಿಬಿಟ್ಟು ಹೇಳಿ. ನಾಚಿಕೆಯ ಮಾತಲ್ಲ ಅದು. ಯಾವ ಚಿಕಿತ್ಸೆ ಎಂದು ಆರಿಸಲು ಸ್ಕ್ಯಾನಿನ ವರದಿಯಷ್ಟೇ ಬೇಕಾದ ಮಾಹಿತಿ.

ರಕ್ತ ತುಂಬಿ ತಾನಾಗಿ ಕರಗದಿದ್ದರೆ, ಅಥವಾ ರೆಟಿನಾ ಎಳೆತಕ್ಕೆ ಸಿಕ್ಕಿದ್ದರೆ, ಉಳಿಯುವುದು ಕಣ್ಣೊಳಗಿನ ಲೋಳೆ ತೆಗೆದು ನಾರು ಬಿಡಿಸುವ ಆಪರೇಷನ್. 1970ರ ದಶಕದಿಂದ ನಡೆಯುತ್ತಿರುವ ಈ ಆಪರೇಷನ್ ಈಗ ತುಂಬ ಸುಧಾರಿಸಿದೆ. ಆದರೂ ಆ ಹಂತಕ್ಕೆ ಹೋಗುವ ಮೊದಲೇ ಹಿಡಿಯುವುದು ಎಲ್ಲ ರೀತಿಯಿಂದಲೂ ಒಳ್ಳೆಯದು.

ಖರ್ಚಿನ ಬಗ್ಗೆ ಒಂದಿಷ್ಟು. ಕಣ್ಣಿಗೆ ಬೇಕಾಗುವ ಬೆವಾಸಿಝುಮ್ಯಾಬ್ ಬರೀ 0.05 ಮಿಲಿಲೀಟರ್. ಕ್ಯಾನ್ಸರಿಗೆಂದು ಬರುವ ಒಂದು ಸೀಸೆಯನ್ನು ಹಲವರಿಗೆ ಹಂಚುವುದರಿಂದ ಬೆಲೆ ಬಹಳ ಇಳಿಯುತ್ತದೆ. ಹಂಚುವಾಗ ಚೊಕ್ಕತನ ತಪ್ಪಿದರೆ ಹಲವರಿಗೆ ಒಟ್ಟಿಗೆ ಸೋಂಕು ತಗಲುವ ಭಯವೂ ಇದೆ. ಅಗ್ಗದ್ದು ಎಂದರೆ ಕೈಲಾಗದ್ದು ಎಂದು ತಿಳಿಯಬೇಡಿ. ವಯಸ್ಸಿನಿಂದ ರೆಟಿನಾದ ನಡುಭಾಗ ಕೆಡುವ ಕಾಯಿಲೆಯಲ್ಲಿ ಅದು ರಾನಿಬಿಝುಮ್ಯಾಬ್‌ಗೆ ಸಮ ಎಂದು 2011ರ ಅಧ್ಯಯನ ತೋರಿಸಿದೆ. ಸಕ್ಕರೆ ಕಾಯಿಲೆಯ ಊತಕ್ಕೆ ಮೊದಲು ಬೆವಾಸಿಝುಮ್ಯಾಬ್ ಕೊಟ್ಟು, ಸಾಲದಿದ್ದರೆ ಮಾತ್ರ ಅಫ್ಲಿಬರ್ಸೆಪ್ಟ್‌ಗೆ ಹೋದರೂ ಎರಡು ವರ್ಷದ ಫಲಿತಾಂಶ ಹೆಚ್ಚುಕಡಿಮೆ ಒಂದೇ ಎಂದು 2022ರಲ್ಲಿ ಗೊತ್ತಾಯಿತು. ನಮ್ಮ ದೇಶದ ಇಂಟಾಸ್ ಕಂಪನಿ 2015ರಿಂದಲೇ ರಾನಿಬಿಝುಮ್ಯಾಬ್‌ನ ಅಗ್ಗದ ರೂಪ ರಾಝುಮ್ಯಾಬ್ ಮಾರುತ್ತಿದೆ.

ಆದರೆ ದೂರದ ಊರಿನವರು ಲೆಕ್ಕವನ್ನು ಇನ್ನೊಂದು ಬಗೆಯಲ್ಲೂ ಹಾಕಬೇಕು. ಈಗ ಹೇಳಿದ ವಯಸ್ಸಿನ ಕಾಯಿಲೆಯ ಒಂದು ಬಗೆಯಲ್ಲಿ ಹೊಸ ನಾಳಗಳು ರೆಟಿನಾದ ಅಡಿಯಿಂದ ಎದ್ದು ನೇರ ನಡುಭಾಗವನ್ನೇ ಕೆಡಿಸುತ್ತವೆ. ಅಲ್ಲಿ ಸುಡುವ ಲೇಸರ್ ಇಂಜೆಕ್ಷನ್ನಿನ ಜಾಗ ತುಂಬಲಾರದು. ಫಾರಿಸಿಮ್ಯಾಬ್‌ನಂಥ ಹೊಸ ಔಷಧಗಳಲ್ಲಿ, ಕಣ್ಣು ಒಗ್ಗಿದರೆ, ಅಂತರವನ್ನು ಹದಿನಾರು ವಾರದವರೆಗೂ ಹಿಗ್ಗಿಸಬಹುದು. ಔಷಧದ ಬಿಲ್ಲು ದೊಡ್ಡದು. ಆದರೆ ತಪ್ಪುವ ಪ್ರಯಾಣ, ಇಬ್ಬರ ಕೂಲಿ, ಊಟ, ವಸತಿ ಎಲ್ಲ ಕೂಡಿಸಿದರೆ ಕೆಲವು ಮನೆಗಳಿಗೆ ದುಬಾರಿ ಔಷಧವೇ ಅಗ್ಗ ಬೀಳಬಹುದು. ಈ ಲೆಕ್ಕವನ್ನು ನಮ್ಮ ಮುಂದೆ ಹಾಕಿ ತೋರಿಸಿ ಎಂದು ಆಸ್ಪತ್ರೆಯಲ್ಲಿ ಕೇಳುವ ಹಕ್ಕು ನಿಮಗಿದೆ. ಅಂದ ಹಾಗೆ, ಮನೆಯಲ್ಲಿ ವಯಸ್ಸಾದವರಿದ್ದರೆ ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳು ನೋಡಲು ಹೇಳಿ. ನೇರ ಸರಳು ಸೊಟ್ಟ ಕಂಡರೆ, ನಡುವೆ ಕಲೆ ಕಂಡರೆ, ತಡ ಮಾಡಬೇಡಿ.

ಇಂಜೆಕ್ಷನ್ ಆಗಿ ಮನೆಗೆ ಬಂದ ಮೇಲೆ ಕೆಲವೇ ದಿನದಲ್ಲಿ ನೋವು, ಕೆಂಪು, ದೃಷ್ಟಿ ಇಳಿಯುವುದು ಶುರುವಾದರೆ ಅದು ಸೋಂಕು ಇರಬಹುದು. ಸಾವಿರಾರು ಇಂಜೆಕ್ಷನ್ನಿಗೆ ಒಂದು ಎನ್ನುವಷ್ಟು ಅಪರೂಪ, ಆದರೆ ಬಂದರೆ ಗಂಟೆಗಳ ಲೆಕ್ಕ. ಬೆಳಗಾಗಲಿ, ಮಳೆ ನಿಲ್ಲಲಿ ಎಂದು ಕಾಯುವಂತಿಲ್ಲ. ಆಸ್ಪತ್ರೆ ಬಿಡುವ ಮೊದಲೇ ರಾತ್ರಿ ಯಾರಿಗೆ ಫೋನ್ ಮಾಡಬೇಕು, ನಮ್ಮೂರಿಗೆ ಹತ್ತಿರ ಯಾರಿಗೆ ತೋರಿಸಬಹುದು ಎಂದು ಬರೆಸಿಕೊಳ್ಳಿ.

ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಬೇಡಿಕೆ ಹಳೆಯದು, ನ್ಯಾಯವಾದದ್ದು. ಆದರೆ ಕಣ್ಣಿನ ಈ ಕಾಯಿಲೆಯಲ್ಲಿ ಅದಕ್ಕೆ ಕಾಯದೆ ಮಾಡಬಹುದಾದ ಕೆಲಸ ಒಂದಿದೆ. ರೋಗಿ ಚಿಕಿತ್ಸೆಗೆ ದೂರ ಹೋಗಲೇಬೇಕಾಗಬಹುದು, ಪತ್ತೆ ಮಾಡಲು ದೂರ ಹೋಗಬೇಕಿಲ್ಲ. ಇಂಗ್ಲೆಂಡಿನಲ್ಲಿ 2003ರಿಂದ ಸಕ್ಕರೆ ಕಾಯಿಲೆಯವರನ್ನೆಲ್ಲ ಹೆಸರಿಟ್ಟು ಕರೆದು ರೆಟಿನಾ ಫೋಟೋ ತೆಗೆಯುವ ವ್ಯವಸ್ಥೆ ಬೆಳೆಯಿತು. ದುಡಿಯುವ ವಯಸ್ಸಿನವರ ಕುರುಡುತನಕ್ಕೆ ಸಕ್ಕರೆ ಕಾಯಿಲೆ ಮೊದಲ ಕಾರಣವಾಗಿ ಉಳಿದಿಲ್ಲ ಎಂದು ಅಲ್ಲಿ 2014ರಲ್ಲಿ ವರದಿಯಾಯಿತು. ಐವತ್ತು ವರ್ಷಗಳಲ್ಲಿ ಅದು ಮೊದಲ ಸಲ.

ಇಂಗ್ಲೆಂಡಿನ ಮಾತೇಕೆ, ಕರ್ನಾಟಕದಲ್ಲೇ ಮಾದರಿಯಿದೆ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ರೆಟಿನಾದಲ್ಲೂ ಇದೇ ವಿಇಜಿಎಫ್‌ನಿಂದ ಅಸಹಜ ನಾಳ ಬೆಳೆಯುತ್ತದೆ. 34 ವಾರಕ್ಕೆ ಮೊದಲು ಹುಟ್ಟಿದ, ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ 30 ದಿನದೊಳಗೆ ರೆಟಿನಾ ಪರೀಕ್ಷೆ ಆಗಬೇಕು. ಇನ್ನೂ ತೀರಾ ಬೇಗ ಹುಟ್ಟಿದ ಮಗುವಿಗೆ ಅದಕ್ಕಿಂತ ಮೊದಲೇ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಮತ್ತು ತಂಡ 2008ರಲ್ಲಿ ಕಿಡ್‌ರಾಪ್ ಎಂಬ ಕಾರ್ಯಕ್ರಮ ಶುರು ಮಾಡಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ, ಚಿತ್ರ ಬೆಂಗಳೂರಿನ ತಜ್ಞರಿಗೆ ತಲುಪುತ್ತದೆ. ತಜ್ಞರು ಪ್ರತಿ ಊರಿಗೆ ಬರಬೇಕಿಲ್ಲ ಎಂಬುದು ಅಲ್ಲೇ ಸಾಬೀತಾಗಿದೆ.

ದೊಡ್ಡವರಿಗೆ ಇದು ಇನ್ನೂ ಸುಲಭ. ಬೆಂಗಳೂರಿನ ರೆಮಿಡಿಯೊ ಕಂಪನಿ ಸ್ಮಾರ್ಟ್‌ಫೋನ್ ಜೋಡಿಸಿದ ರೆಟಿನಾ ಕ್ಯಾಮೆರಾ ಮಾಡಿದೆ. ತೊಂದರೆ ಇದೆಯೇ ಇಲ್ಲವೇ ಎಂದು ಅಲ್ಲೇ ಹೇಳುವ ಅದರ ತಂತ್ರಾಂಶಕ್ಕೆ ಇಂಟರ್ನೆಟ್ ಬೇಕಿಲ್ಲ. ನೆಟ್‌ವರ್ಕ್ ಸಿಗದ ಜೋಯಿಡಾ, ಸಿದ್ದಾಪುರದ ಹಳ್ಳಿಗಳಿಗೆ ಇದಕ್ಕಿಂತ ಒಗ್ಗುವಂಥದ್ದು ಇನ್ನೇನು? ಶುಗರ್, ಬಿಪಿ ಮಾತ್ರೆಗೆ ಜನ ಸರ್ಕಾರಿ ಆಸ್ಪತ್ರೆಗೆ ಹೇಗೂ ಬರುತ್ತಾರೆ. ಆ ದಿನವೇ ಕ್ಯಾಮೆರಾ ಅಲ್ಲಿರಬೇಕು. ನಮ್ಮ ಹನ್ನೆರಡು ತಾಲ್ಲೂಕುಗಳಿಗೆ ಹನ್ನೆರಡು ಕ್ಯಾಮೆರಾ, ಓಡಿಸಲು ತರಬೇತಾದ ಒಬ್ಬೊಬ್ಬರು, ಪ್ರತಿ ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಂದು ಫೋಟೋ. ತೊಂದರೆ ಕಂಡವರ ಹೆಸರು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಇರಬೇಕು, ಹುಬ್ಬಳ್ಳಿಗೆ ಹೋದರಾ, ಲೇಸರ್ ಆಯಿತಾ, ಮುಂದಿನ ತಾರೀಖು ಯಾವಾಗ ಎಂಬುದೂ ಸೇರಿ. ಲೇಸರ್ ಯಂತ್ರವೊಂದು ಘಟ್ಟದ ಮೇಲೆ, ಒಂದು ಕರಾವಳಿಯಲ್ಲಿ ಸರ್ಕಾರಿ ಆಸ್ಪತ್ರೆಯೊಳಗೆ ಇದ್ದು, ರೆಟಿನಾ ತಜ್ಞರು ತಿಂಗಳಲ್ಲಿ ಗೊತ್ತಾದ ದಿನ ಬಂದು ಹೋಗುವಂತಾದರೆ ಅರ್ಧಕ್ಕರ್ಧ ಪ್ರಯಾಣ ತಪ್ಪುತ್ತದೆ. ತಾಲ್ಲೂಕಿನ ಆರೋಗ್ಯ ಸಭೆಗಳಲ್ಲಿ, ಗ್ರಾಮಸಭೆಗಳಲ್ಲಿ ಈ ಬೇಡಿಕೆಯನ್ನು ಹೀಗೇ ಲೆಕ್ಕ ಸಮೇತ ಮುಂದಿಡಬೇಕು, ಮುಂದಿನ ಮಳೆಗಾಲಕ್ಕೆ ಮೊದಲೇ.